ಗೇಟಿಗೆ ಬಾರದ ಹಾಲು

ಹಾಲು ಒಕ್ಕೂಟದ ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಕಾಳೇನಕೊಪ್ಪಲು ಒಂದು ಹಸಿರು ಚುಕ್ಕೆ. ಅಲ್ಲಿ ಕೆಲಸಕ್ಕಿದ್ದ ಸಿಂಚನಾ ಬೆಳಿಗ್ಗೆ ಬಂದು ಕುರ್ಚಿ ಎಳೆದುಕೊಂಡ ಕೂಡಲೇ ನೋಡುತ್ತಿದ್ದದ್ದು ಆ ಚುಕ್ಕೆಯನ್ನೇ. ಅದು ಅವಳ ಗಂಡನ ಊರು. ತಮ್ಮ ಮನೆಯ ಎರಡು ಸೀಮೆಹಸುಗಳ ಹಾಲೂ ಆ ಹಸಿರಿನಲ್ಲಿ ಸೇರಿದೆಯೆಂದು ಅವಳಿಗೆ ಒಳಗೊಳಗೇ ಹೆಮ್ಮೆ. ಆ ಹೆಮ್ಮೆಗಿಷ್ಟು ಬೆಂಕಿ ಹಾಕಬೇಕು, ಅಷ್ಟು ಕುರುಡು ಹೆಮ್ಮೆ ಅದು.

ಒಕ್ಕೂಟ ಪ್ರತಿ ಊರಿನ ಡೇರಿಗೂ ಒಂದೊಂದು ಗೇಟು ಕೂರಿಸಿತ್ತು. ಹೆಸರಿಗೆ ಗೇಟು, ನೋಡಲು ಮೊಳದುದ್ದದ ಒಂದು ಗಾಜಿನ ಕೊಳವೆ. ಕ್ಯಾನಿನ ಹಾಲು ಅದರೊಳಗೆ ಹರಿಯುವಾಗ ಒಳಗೆ ನೇಯ್ದ ಸಣ್ಣ ತಂತುಗಳು ಆಂಟಿಬಯಾಟಿಕ್ಕಿನ ಸುಳಿವನ್ನು ಹಿಡಿಯುತ್ತಿದ್ದವು. ಸುಳಿವಿಲ್ಲದಿದ್ದರೆ ಹಸಿರು ದೀಪ, ಹಾಲು ಟ್ಯಾಂಕಿಗೆ. ಸಿಕ್ಕಿದರೆ ಕೆಂಪು ದೀಪ, ಹಾಲು ಮೋರಿಗೆ, ಆ ಮನೆಯವರು ಒಂದು ತಿಂಗಳು ಡೇರಿಯ ಕಡೆ ತಲೆ ಹಾಕುವಂತಿಲ್ಲ. ದನಗಳಿಗೆ ಕಂಡಕಂಡಂತೆ ಆಂಟಿಬಯಾಟಿಕ್ ತುರುಕಿದ್ದರಿಂದ ಮನುಷ್ಯರ ರೋಗಗಳೂ ಯಾವ ಮದ್ದಿಗೂ ಬಗ್ಗದಂತಾಗಿದ್ದ ಕಾಲದಲ್ಲಿ ಬಂದ ಏರ್ಪಾಡು. ಉದ್ದೇಶ ಒಳ್ಳೆಯದೇ.

ಆದರೆ ಹಸುವಿಗೆ ಕೆಚ್ಚಲು ಬಾವು ಬರುವುದು ಕೊಟ್ಟಿಗೆಯ ಗಲೀಜಿನಿಂದ, ಕೈ ತೊಳೆಯದೆ ಹಾಲು ಕರೆಯುವುದರಿಂದ. ಅದನ್ನು ಸರಿಪಡಿಸಬೇಕಾದರೆ ಊರೂರು ಅಲೆಯಬೇಕು, ಹೇಳಿಕೊಡಬೇಕು, ಕೊಟ್ಟಿಗೆಗಳಿಗೆ ಗಾರೆ ಹಾಕಿಸಬೇಕು. ಅಷ್ಟೆಲ್ಲ ಬೆವರು ಸುರಿಸಲು ಯಾರಿಗೆ ಬೇಕಾಗಿದೆ? ಒಕ್ಕೂಟ ಬೇರೆ ಉಪಾಯ ಹುಡುಕಿತು. ಗಬ್ಬದ ಹಸುವನ್ನು ಕೊನೆಯ ಎರಡು ತಿಂಗಳು ಹಾಲು ಬತ್ತಿಸಿ ಬಿಡುತ್ತಾರೆ. ಆಗ ಹಾಲೂ ಇಲ್ಲ, ಗೇಟಿನ ಹಂಗೂ ಇಲ್ಲ. ಆ ಹೊತ್ತಿನಲ್ಲೇ, ರೋಗವಿರಲಿ ಬಿಡಲಿ, ನಾಲ್ಕೂ ಮೊಲೆಗೆ ಒಂದೊಂದು ‘ಕಾವಲು ಟ್ಯೂಬು’ ಏರಿಸಿಬಿಡುವುದು. ಒಳಗಿರುವುದು ನಿಧಾನವಾಗಿ ಕರಗುವ ಗಟ್ಟಿ ಆಂಟಿಬಯಾಟಿಕ್, ಕರು ಹಾಕುವವರೆಗೂ ಕೆಚ್ಚಲಲ್ಲೇ ಠಿಕಾಣಿ. ಹೆಚ್ಚು ಹಾಲು ಹಾಕುವ ಮನೆಗಳಿಗೆ ಟ್ಯೂಬು ಪುಕ್ಕಟೆ. ಸಿಂಚನಾಳ ಮನೆಗೂ ಬಂತು, ಅವಳೇ ಕೈಯಾರೆ ಏರಿಸಿದಳು. ಒಕ್ಕೂಟದ ಹೆಬ್ಬಾಗಿಲ ಮೇಲೆ ‘ಆಂಟಿಬಯಾಟಿಕ್ ಬಳಕೆ: ಸೊನ್ನೆ’ ಎಂಬ ಬೋರ್ಡು ಬಿತ್ತು.

ಅವಳ ಮಗಳು ಋತ್ವಿಗೆ ಐದು ವರ್ಷ. ಒಂದು ದಿನ ಅಂಗನವಾಡಿಯಿಂದ ಬಂದವಳು ಉಚ್ಚೆ ಉರಿಯುತ್ತದೆಂದು ಅತ್ತಳು. ಮಾತ್ರೆ ಕೊಟ್ಟರು, ಕೇಳಲಿಲ್ಲ. ಸೂಜಿ ಹಾಕಿಸಿದರು, ಅದೂ ಕೇಳಲಿಲ್ಲ. ಮೈ ಕೆಂಡದ ಹಾಗೆ ಸುಡತೊಡಗಿದಾಗ ಜಿಲ್ಲಾ ಆಸ್ಪತ್ರೆಗೆ ಹೊತ್ತೊಯ್ದರು. ಸೋಂಕು ರಕ್ತಕ್ಕೆ ಇಳಿದಿತ್ತು. ಡಾಕ್ಟರ್ ಫರ್ಹಾನಾ ಬೀರುವಿನಲ್ಲಿ ಕಟ್ಟಕಡೆಗೆಂದು ಇಟ್ಟುಕೊಂಡಿದ್ದ ಮದ್ದನ್ನು ಹನಿಹನಿಯಾಗಿ ಹಾಕಿ ಮಗುವನ್ನು ಉಳಿಸಿಕೊಂಡರು.

“ಈ ಸಲ ಗೆದ್ದೆವು,” ಎಂದರು ಫರ್ಹಾನಾ. “ಆದರೆ ಈ ರೋಗಾಣು ಮಗುವಿನ ಕರುಳಲ್ಲಿ ಮನೆ ಮಾಡಿಕೊಂಡಿದೆ. ಮತ್ತೆ ಏಳುತ್ತೆ. ಆಗ ಈ ಮದ್ದೂ ನಾಟೋದಿಲ್ಲ.”

“ಏಳದ ಹಾಗೆ ಮಾಡೋಕಾಗಲ್ವಾ ಮೇಡಂ?”

“ಮೊದಲು ಇದು ಎಲ್ಲಿಂದ ಬಂತು ಅಂತ ಗೊತ್ತಾಗಬೇಕು. ಇಂಥದ್ದು ಬೆಳೆಯೋದು ಆಂಟಿಬಯಾಟಿಕ್ ಸುರಿದ ಕಡೆ. ನಿಮ್ಮೂರು ನೋಡಿದರೆ ಸೊನ್ನೆ ಊರಂತಲ್ಲ!”

ಆ ಮಾತು ಸಿಂಚನಾಳಿಗೆ ಕಪಾಳಕ್ಕೆ ಬಿದ್ದಂತಾಯಿತು.

ಆಸ್ಪತ್ರೆಯವರು ಊರಿಗೆ ಬಂದು ಮನೆಮನೆಯವರ ಮಲ ಪರೀಕ್ಷೆ ಮಾಡಿದರು. ಮಾವ ಪುಟ್ಟರಾಜು ಡಬ್ಬಿ ನೋಡಿ ಮೂಗು ಮುರಿದ, “ಓದ್ಕಂಡೋರ್ಗೆ ಬ್ಯಾರೆ ಕೆಲ್ಸ ಇಲ್ವಾ” ಎಂದ, ಕೊನೆಗೆ ಕೊಟ್ಟ. ಫಲಿತಾಂಶ ಬಂದ ದಿನ ಸಿಂಚನಾ ನಿಯಂತ್ರಣ ಕೊಠಡಿಯಲ್ಲಿ ಊರಿನ ನಕ್ಷೆ ತೆರೆದು, ಮದ್ದಿಗೆ ಬಗ್ಗದ ರೋಗಾಣು ಸಿಕ್ಕಿದ ಮನೆಗೆಲ್ಲ ಕೆಂಪು ತುಂಬಿದಳು. ಮೇಲಿನ ಬೀದಿಗಳು ಹೆಚ್ಚುಕಡಿಮೆ ಪೂರ್ತಿ ಕೆಂಪಾದವು. ಅವಳದೇ ಮನೆ ಎಲ್ಲಕ್ಕಿಂತ ಗಾಢ. ಆದರೆ ನಡುವೆ ಒಂದು ಮನೆ ಮಾತ್ರ ಬಿಳಿ. ಅದು ಬೇಲಿ ಜಗಳವಾಗಿ ಊರವರೆಲ್ಲರ ಜೊತೆ ಮಾತು ಬಿಟ್ಟಿದ್ದ ಸಿದ್ದಲಿಂಗಪ್ಪನ ಮನೆ. ಕೆಳಗೆ ಹಳ್ಳದ ಪಕ್ಕದ ಕೇರಿ ಇಡಿಯಾಗಿ ಬಿಳಿ.

ನೀರು ಒಂದೇ ಟ್ಯಾಂಕಿನದು. ರಾಗಿ ಒಂದೇ ಮಿಲ್ಲಿನದು. ಮಕ್ಕಳು ಹೋಗುವುದು ಒಂದೇ ಅಂಗನವಾಡಿಗೆ. ಸಿದ್ದಲಿಂಗಪ್ಪನ ಮನೆಗೆ ಮತ್ತು ಕೆಳಗಿನ ಕೇರಿಗೆ ಮಾತ್ರ ಏನು ಹೋಗುವುದಿಲ್ಲ?

ಉತ್ತರಕ್ಕಾಗಿ ಅವಳು ಎಲ್ಲಿಯೂ ಹುಡುಕಬೇಕಾಗಿರಲಿಲ್ಲ. ಸೊಸೆಯಾಗಿ ಬಂದ ಮೊದಲ ವರ್ಷದಿಂದಲೂ ಅದನ್ನು ಹೊತ್ತು ತಿರುಗಿದವಳು ಅವಳೇ. ಹಸು ಕರು ಹಾಕಿದರೆ ಮೊದಲ ನಾಲ್ಕೈದು ದಿನದ ಹಾಲನ್ನು ಡೇರಿ ಮುಟ್ಟುವುದಿಲ್ಲ, ಕಾಯಿಸಿದರೆ ಗಟ್ಟಿಯಾಗಿ ಹೋಗುತ್ತದೆ. ಅದನ್ನು ಮಾರುವುದೂ ಇಲ್ಲ. ಅದು ಗಿಣ್ಣು, ಹಂಚಿ ತಿನ್ನುವ ಪದಾರ್ಥ. ಅತ್ತೆ ಶೋಭಮ್ಮ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ಮನೆಮಂದಿಗೆ ಬಡಿಸಿ, ಉಳಿದ ಹಾಲನ್ನು ಚೊಂಬಿಗೆ ತುಂಬಿ, “ಇದು ಪಟೇಲ್ರ ಮನ್ಗೆ, ಇದು ಮೂಲೆಮನ್ಗೆ” ಎಂದು ಸೊಸೆಯ ಕೈಗೆ ಕೊಡುತ್ತಿದ್ದಳು. ಆಗಿಬರುವವರಿಗೆಲ್ಲ ಗಿಣ್ಣು ಹೋಗುತ್ತಿತ್ತು. ಮಾತು ಬಿಟ್ಟ, ಮನೆಯಲ್ಲಿ ಹಸುವನ್ನೂ ಕಟ್ಟದ ಸಿದ್ದಲಿಂಗಪ್ಪನಂಥವರಿಗೆ ಹೋಗುತ್ತಿರಲಿಲ್ಲ. ಹಸು ಕಟ್ಟಿರದ ಕೆಳಗಿನ ಕೇರಿಗೆ ಎಂದೂ ಹೋಗಿರಲಿಲ್ಲ, ಹೋಗಬಹುದೆಂದು ಮೇಲಿನ ಬೀದಿಯ ಯಾರ ತಲೆಗೂ ಹೊಳೆದಿರಲಿಲ್ಲ.

ಸಿಂಚನಾ ಅಂದೇ ಸಂಜೆ ಪಕ್ಕದ ಮನೆಯಲ್ಲಿ ಕರು ಹಾಕಿದ್ದ ಹಸುವಿನ ಗಿಣ್ಣುಹಾಲು ಒಂದು ಬಾಟಲಿ ತಂದಳು. ಮರುದಿನ ಒಕ್ಕೂಟದ ಪ್ರಯೋಗಾಲಯದಲ್ಲಿ, ಪರೀಕ್ಷೆಗೆಂದು ಇಟ್ಟಿದ್ದ ಗೇಟಿನ ಕೊಳವೆಗೆ ಸುರಿದಳು. ಕೆಂಪು ದೀಪ ಹತ್ತಿತು. ಕುದಿಸಿ ಸುರಿದಳು, ಆಗಲೂ ಕೆಂಪು. ಗಿಣ್ಣು ಎಷ್ಟು ಬೆಂದರೂ ಆ ಮದ್ದು ಸಾಯುವುದಿಲ್ಲ. ಎರಡು ತಿಂಗಳು ಕೆಚ್ಚಲಲ್ಲಿ ಕಾವಲು ಕೂತದ್ದು ಮೊದಲ ಹಾಲಿನ ಜೊತೆ ಹೊರಗೆ ಬಂದು, ಚೊಂಬು ಹತ್ತಿ, ಮನೆಮನೆಗೆ ಹೋಗಿತ್ತು. ಊರೆಂದ ಮೇಲೆ ವರ್ಷವಿಡೀ ಯಾವುದಾದರೊಂದು ಕೊಟ್ಟಿಗೆಯಲ್ಲಿ ಕರು ಹುಟ್ಟುತ್ತಲೇ ಇರುತ್ತದೆ. ಮಕ್ಕಳ ಹೊಟ್ಟೆಗೆ ತಿಂಗಳು ತಿಂಗಳೂ ಅಷ್ಟಷ್ಟು ಮದ್ದು. ಸಾಧು ಜೀವಾಣುಗಳೆಲ್ಲ ಸತ್ತವು, ಮದ್ದನ್ನು ಅರಗಿಸಿಕೊಂಡ ಖದೀಮರು ಉಳಿದು ಮಕ್ಕಳು ಮರಿ ಮಾಡಿದರು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆಂಟಿಬಯಾಟಿಕ್ ಎಲ್ಲಿ ಕಡಿಮೆಯಾಗಿತ್ತು? ಗೇಟು ನೋಡುವ ಕಡೆಯಿಂದ ಎತ್ತಿ ಗೇಟು ನೋಡದ ಕಡೆಗೆ ಇಟ್ಟಿದ್ದರು, ಅಷ್ಟೇ. ಪೇಟೆಗೆ ಹೋಗುವ ಹಾಲು ಚೊಕ್ಕ, ಮನೆಯ ಮಗು ತಿನ್ನುವ ಗಿಣ್ಣು ವಿಷ. ಆ ಸೊನ್ನೆಯನ್ನು ನೋಡಿ ಹೆಮ್ಮೆಪಟ್ಟು ಸಂಬಳ ಎಣಿಸಿದ್ದಳಲ್ಲ, ಅದಕ್ಕೆ ತನ್ನ ಮೇಲೂ ಉರಿಯಿತು.

ಫರ್ಹಾನಾ ಪೂರ್ತಿ ಕೇಳಿಸಿಕೊಂಡು, “ಹಾಗಾದರೆ ದಾರಿ ಇದೆ,” ಎಂದರು. “ಕರುಳಲ್ಲಿರೋ ಕೆಟ್ಟ ಬೆಳೆ ಕಿತ್ತು ಒಳ್ಳೆ ಬೆಳೆ ನಾಟಿ ಮಾಡಬೇಕು. ಆರೋಗ್ಯವಂತರ ಮಲದಿಂದ ಜೀವಾಣು ಬೇರ್ಪಡಿಸಿ ಕ್ಯಾಪ್ಸೂಲು ಮಾಡ್ತೀವಿ. ವಾರಕ್ಕೊಂದು ಕಂತು, ಕೆಲವು ತಿಂಗಳು ತಪ್ಪಿಸೋ ಹಾಗಿಲ್ಲ. ನಡುವೆ ಬಿಟ್ಟರೆ ಹಳೇದೇ ಮತ್ತೆ ಹಬ್ಬುತ್ತೆ. ಪಟ್ಟಣದವರದ್ದು ಹಾಕಿ ನೋಡಿದೀವಿ, ಹಳ್ಳಿ ಮಕ್ಕಳಿಗೆ ಹಿಡಿಯೋದಿಲ್ಲ. ಅದೇ ನೀರು, ಅದೇ ರಾಗಿ ಉಂಡವರದ್ದೇ ಆಗಬೇಕು. ನಿಮ್ಮೂರಲ್ಲಿ ಯಾರದ್ದು ಬಿಳಿ ಬಂದಿದೆ?”

ಸಿದ್ದಲಿಂಗಪ್ಪ ಮತ್ತು ಅವನ ಹೆಂಡತಿ ಇಬ್ಬರೂ ಮುದುಕರು, ಸಕ್ಕರೆ ಕಾಯಿಲೆಯವರು, ಆಗುವಂತಿರಲಿಲ್ಲ. ಉಳಿದದ್ದು ಕೆಳಗಿನ ಕೇರಿ.

ಮನೆಯಲ್ಲಿ ವಿಷಯ ತೆಗೆದಾಗ ಪುಟ್ಟರಾಜು ಊಟದ ತಟ್ಟೆ ತಳ್ಳಿ ಎದ್ದ. “ಅವರ ಹೊಟ್ಟೇದ ನಮ್ ಮಗೀಗೆ? ಥೂ! ಮನ್ಲಿ ದೇವ್ರಿಲ್ವಾ?”

“ದೇವರ ಮುಂದೆ ಇಟ್ಟೇ ಅಲ್ವಾ ಮಾವ ಗಿಣ್ಣು ತಿನ್ನಿಸಿದ್ದು?” ಸಿಂಚನಾಳೂ ಎದ್ದಳು. “ವಿಷ ನಮ್ಮ ಕೊಟ್ಟಿಗೇದು, ಅದು ಮಡಿ. ಮದ್ದು ಅವರ ಕೇರೀದು, ಅದು ಮೈಲಿಗೆ. ನಿಮ್ಮ ಮಡಿ ಇಟ್ಕೊಂಡು ಮಗೂನ ಹೂಳ್ತೀರಾ?”

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಗಂಡ ಹೇಮಂತ ನೆಲ ನೋಡಿದ. ಅವನಿಗೆ ಗೊತ್ತಿದ್ದ ಕೆಲಸ ಅದೊಂದೇ. ಕೊನೆಗೆ ಪುಟ್ಟರಾಜು, “ಏನಾರ ಮಾಡ್ಕಳಿ, ಆದ್ರೆ ಆ ಜನ ನನ್ ಹಟ್ಟಿ ಬಾಗ್ಲಿಗೆ ಬರಂಗಿಲ್ಲ,” ಎಂದ. ಮಗು ಉಳಿದರೆ ಸಾಕೆಂದು ಸಿಂಚನಾ ಆ ಮಾತನ್ನು ನುಂಗಿಕೊಂಡಳು.

ಕೇರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹೊಂದಿದ್ದು ಪಲ್ಲವಿ ಎಂಬುವಳ ಪರೀಕ್ಷೆ. ಗಾರ್ಮೆಂಟ್ಸಿಗೆ ಹೋಗುವವಳು, ಸಿಂಚನಾಳ ವಯಸ್ಸಿನವಳೇ. ಒಂದೇ ಊರಲ್ಲಿದ್ದೂ ಇಬ್ಬರೂ ಮಾತಾಡಿದ್ದು ಅದೇ ಮೊದಲು. ತನ್ನ ಮನೆಯ ಜಗುಲಿಯಲ್ಲಿ ಕೂತು ಹೊಲಿಗೆ ಬಿಚ್ಚುತ್ತಿದ್ದ ಪಲ್ಲವಿ ಎಲ್ಲ ಕೇಳಿ ತಲೆಯೆತ್ತಿದಳು.

“ನಮ್ಗೆ ಯಾಕಕ್ಕ ಆ ರೋಗ ಬರ್ನಿಲ್ಲ?”

ಸಿಂಚನಾ ಮುಚ್ಚಿಡಲಿಲ್ಲ. ಟ್ಯೂಬು, ಗಿಣ್ಣು, ನಕ್ಷೆ ಎಲ್ಲ ಹೇಳಿದಳು.

ಪಲ್ಲವಿ ಮೊದಲು ನಕ್ಕಳು. ಆಮೇಲೆ ಮುಖ ಬಿಗಿಯಿತು. “ಚಿಕ್ಕೋಳಿದ್ದಾಗ ನಮ್ಮವ್ವ ನಿಮ್ಮನೇಲಿ ಸಗಣಿ ಬಾಚೋಳು. ಹಸ ಈದಾಗ ಎಲ್ಲಾ ಬಳ್ದು ಮೈ ತೊಳ್ಯೋಳೂ ಅವ್ಳೇ. ಗಿಣ್ಣು ಬೆಂದ ವಾಸ್ನೆ ಕೊಟ್ಟಿಗೆಗಂಟ ಬರೋದು. ಒಂದ್ ದಪ ಕೇಳಿದ್ಕೆ, ಅದ್ನ ನಿಮ್ಗೆ ಕೊಟ್ರೆ ಹಸೀನ್ ಕೆಚ್ಲು ಬತ್ತೋಯ್ತದೆ ಅಂದ್ರು ನಿಮ್ಮತ್ತೆ. ನೀವು ಕೊಡ್ದೇ ಇದ್ದಿದ್ದು ನಮ್ಗೆ ಒಳ್ಳೇದಾಯ್ತು ಅಂತ ಈಗ ನಾನು ಕೈ ಮುಗೀಬೇಕಾ?”

ಅವಳು ಮತ್ತೆ ಹೊಲಿಗೆ ಬಿಚ್ಚತೊಡಗಿದಳು.

“ಕೊಡ್ತೀನಿ,” ಎಂದಳು ಪಲ್ಲವಿ. “ನಿಮಗಲ್ಲ. ಮಗ ಏನ್ ಮಾಡಿತ್ತು ಪಾಪ.”

ವಾರಕ್ಕೊಮ್ಮೆ ಪಲ್ಲವಿ ರಜೆ ಹಾಕಿ ಆಸ್ಪತ್ರೆಗೆ ಹೋಗುವಳು. ಸಿದ್ಧವಾದ ಕ್ಯಾಪ್ಸೂಲನ್ನು ಸಣ್ಣ ಐಸ್ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವಳು. ಸಿಂಚನಾ ಹೆದ್ದಾರಿಯ ಬಸ್ ಸ್ಟಾಪಿನಲ್ಲಿ ನಿಂತು ಡಬ್ಬಿ ತೆಗೆದುಕೊಳ್ಳುವಳು. ಮನೆಗೆ ಬನ್ನಿ ಎನ್ನುವ ಮಾತು ಪ್ರತಿ ಸಲವೂ ಗಂಟಲವರೆಗೆ ಬಂದು ಅಲ್ಲೇ ಸಾಯುತ್ತಿತ್ತು. ಕಳ್ಳಮಾಲಿನ ವ್ಯಾಪಾರದಂತಿತ್ತು ಅದು. ಪಲ್ಲವಿಯೂ ಏನೂ ಕೇಳುತ್ತಿರಲಿಲ್ಲ, ಕೇಳದೇ ಇರುವುದೇ ಚುಚ್ಚುತ್ತಿತ್ತು. ಋತ್ವಿ ಮಾತ್ರ ಚೇತರಿಸಿಕೊಂಡಳು. ಮುದ್ದೆ ಉಂಡಳು, ಅಂಗಳದಲ್ಲಿ ಓಡಿದಳು. ಪರೀಕ್ಷೆಯಲ್ಲಿ ಕೆಟ್ಟ ರೋಗಾಣು ಅರ್ಧಕ್ಕಿಳಿದಿತ್ತು. “ಈಗ ಮಾತ್ರ ಒಂದು ಕಂತೂ ತಪ್ಪಬಾರದು,” ಎಂದರು ಫರ್ಹಾನಾ.

ಇಷ್ಟಾದ ಮೇಲೆ ಸಿಂಚನಾ ಒಕ್ಕೂಟದ ಅಧ್ಯಕ್ಷ ದೇವೇಂದ್ರಪ್ಪನನ್ನು ನಿಯಂತ್ರಣ ಕೊಠಡಿಗೆ ಕರೆದು ನಕ್ಷೆ ತೋರಿಸಿದಳು. ಟ್ಯೂಬು ನಿಲ್ಲಿಸಿ, ಆ ದುಡ್ಡಲ್ಲಿ ಕೊಟ್ಟಿಗೆಗಳಿಗೆ ಗಾರೆ ಹಾಕಿಸಿ, ರೋಗ ಬಂದ ಹಸುವಿಗೆ ಮಾತ್ರ ಮದ್ದು ಕೊಡಿಸಿ ಎಂದಳು. ಅಧ್ಯಕ್ಷ ಕೆಂಪು ಮನೆಗಳ ಕಡೆ ಕಣ್ಣೆತ್ತಲಿಲ್ಲ. ಅವನ ಕಣ್ಣು ಬಿಳಿಯ ಕೇರಿಯ ಮೇಲೆ ನೆಟ್ಟಿತ್ತು.

“ಇದು ಚಿನ್ನದ ಗಣಿ ಕಣಮ್ಮ! ಸುತ್ತಮುತ್ತಲ ಊರಿಗೆಲ್ಲ ಕ್ಯಾಪ್ಸೂಲು ಇಲ್ಲಿಂದಲೇ ಆಗ್ಬೋದು. ಈ ಕೇರೀನ ಶುದ್ಧ ವಲಯ ಅಂತ ಮಾಡೋಣ. ಸುತ್ತ ಬೇಲಿ, ಬಾಗಿಲಲ್ಲಿ ಒಬ್ಬ ಕಾವಲುಗಾರ. ಮೇಲಿನ ಬೀದಿಯಿಂದ ಹಾಲು, ಊಟ, ಏನೂ ಒಳಗೆ ಹೋಗಬಾರದು. ಅವರೂ ಹೊರಗಿನವರ ಮನೇಲಿ ಕೈ ತೊಳೀಬಾರದು. ವೈಜ್ಞಾನಿಕವಾಗಿ ಮಾಡೋಣ. ಒಪ್ಪಿಗೆ ನೀನು ಹಾಕಿಸು, ನಿನ್ನ ಮಾತು ಕೇಳ್ತಾರೆ.”

“ಮತ್ತೆ ಟ್ಯೂಬು ಸಾರ್?”

“ಟ್ಯೂಬು ಯಾಕೆ ನಿಲ್ಲಿಸೋದು? ರೋಗಕ್ಕೆ ಮದ್ದು ಸಿಕ್ತಲ್ಲ!”

ಸಿಂಚನಾ ಅವನ ಮುಖವನ್ನೇ ನೋಡಿದಳು. ಅಜ್ಜ ಮುತ್ತಜ್ಜಂದಿರು ಬಾಯಿಮಾತಿನಲ್ಲಿ ಹಾಕಿದ್ದ ಬೇಲಿಯನ್ನು ಈ ಮನುಷ್ಯ ತಂತಿಯಲ್ಲಿ ಹಾಕಲು ಹೊರಟಿದ್ದ, ಅದೂ ವಿಜ್ಞಾನದ ಹೆಸರಲ್ಲಿ. ಗಿಣ್ಣು ಕೊಡದಿದ್ದದ್ದು ಅಂದು ಅವಮಾನ, ಇನ್ನು ಮುಂದೆ ಅದೇ ಕಾನೂನು. ಕೈಯಲ್ಲಿದ್ದ ಪೆನ್ನನ್ನು ಅವನ ಕಣ್ಣಿಗೆ ಚುಚ್ಚಬೇಕೆನ್ನಿಸಿತು. ಅವಳು ಪೆನ್ನು ಕೆಳಗಿಟ್ಟು ಕೀಲಿಮಣೆಯ ಮುಂದೆ ಕೂತಳು.

ಒಕ್ಕೂಟವೇ ಮಾಡಿದ್ದ ನಿಯಮ ಅವಳಿಗೆ ಬಾಯಿಪಾಠವಾಗಿತ್ತು. ಜನ ಸೇವಿಸುವ ಯಾವುದೇ ಹಾಲಿನಲ್ಲಿ ಆಂಟಿಬಯಾಟಿಕ್ ಕಂಡರೆ ಆ ಊರಿನ ಗೇಟನ್ನು ಮುಚ್ಚುವುದು ಕೊಠಡಿಯಲ್ಲಿ ಕೂತವರ ಕರ್ತವ್ಯ. ಗಿಣ್ಣಿನ ಪರೀಕ್ಷೆಯ ಫಲಿತಾಂಶವನ್ನು ಯಂತ್ರಕ್ಕೆ ಉಣಿಸಿ ಗುಂಡಿ ಒತ್ತಿದಳು. ಕಾಳೇನಕೊಪ್ಪಲಿನ ಹಸಿರು ಚುಕ್ಕೆ ಕೆಂಪಾಯಿತು.

“ಗಿಣ್ಣು ಹಾಲಲ್ಲ!” ಅಧ್ಯಕ್ಷ ಕಿರುಚಿದ.

“ಹಾಲಲ್ಲದೆ ಗಂಜಿಯಾ ಸಾರ್? ಕಾರಣ ಸಮೇತ ದಾಖಲಾಗಿದೆ, ಈಗ ರಾಜ್ಯವೆಲ್ಲ ನೋಡುತ್ತೆ. ಟ್ಯೂಬು ನಿಲ್ಲಿಸಿದೀವಿ ಅಂತ ಬರೆಯದೆ ಇದನ್ನ ನಿಮಗೂ ತೆರೆಯೋಕಾಗಲ್ಲ.”

ಕೆಲಸ ಹೋಯಿತು. ಅದು ಅವಳಿಗೆ ಗೊತ್ತಿದ್ದದ್ದೇ. ಅಧ್ಯಕ್ಷನ ಬೇಲಿಯ ವಿಷಯವನ್ನು ಅಂದು ರಾತ್ರಿಯೇ ಪಲ್ಲವಿಗೆ ಫೋನಿನಲ್ಲಿ ಹೇಳಿದಳು.

ಮರುದಿನ ಬೆಳಿಗ್ಗೆ ಡೇರಿಯ ಕೊಳವೆ ತೆರೆಯಲಿಲ್ಲ. ಊರಿನ ಜನ ತುಂಬಿದ ಕ್ಯಾನುಗಳ ಸಮೇತ ಪುಟ್ಟರಾಜುವಿನ ಅಂಗಳಕ್ಕೆ ನುಗ್ಗಿದರು. “ಉಂಡ ಮನ್ಗೆ ಎರಡ್ ಬಗ್ದಲ್ಲವ್ವಾ!” “ನಮ್ ಹೊಟ್ಟೆ ಮ್ಯಾಲೆ ಹೊಡ್ದು ನಿಂಗೇನ್ ಸಿಕ್ತು?” ಪಟೇಲರ ಮನೆಯ ಹೆಂಗಸು ಕ್ಯಾನನ್ನು ಜಗುಲಿಯ ಮುಂದೆಯೇ ಬೋರಲು ಹಾಕಿದಳು. ಸಿಂಚನಾ ಬಾಗಿಲಲ್ಲಿ ನಿಂತು ಟ್ಯೂಬಿನ ವಿಷಯ ಹೇಳುತ್ತಲೇ ಇದ್ದಳು. ಕೇಳುವ ಕಿವಿ ಇರಲಿಲ್ಲ. ಪುಟ್ಟರಾಜುವೇ ಎಲ್ಲರಿಗಿಂತ ಜೋರಾಗಿ ಸೊಸೆಯನ್ನು ಬಯ್ಯುತ್ತಿದ್ದ.

ಅಂದು ಕ್ಯಾಪ್ಸೂಲು ಬರುವ ದಿನ. ಜನ ದಾರಿ ಬಿಡಲಿಲ್ಲ. ಸಿಂಚನಾ ಒಳಗೆ ಹೋಗಿ ಪಲ್ಲವಿಗೆ ಫೋನು ಮಾಡಿದಳು. “ನಂಗೆ ಸ್ಟಾಪಿಗೆ ಬರೋಕಾಗ್ತಿಲ್ಲ. ಅಲ್ಲಿ ಅಂಗಡೀಲಿ ಕೊಟ್ಟಿರು ಪಲ್ಲವಿ, ಹೆಂಗಾದ್ರೂ ತಗೋತೀನಿ.”

“ಅಂಗ್ಡೀಲಿ ಮಡಗಾಕೆ ಇದೇನ್ ಬೆಲ್ಲದಚ್ಚಾ? ಬೇಲಿ ಹಾಕ್ತಾರಂತಲ್ಲ ನಮ್ ಕೇರಿಗೆ. ಅದ್ಕೆ ಮುಂಚೆ ನಿಮ್ ಬೀದಿ ಒಂದ್ಸಲ ನೋಡ್ಬೇಕಲ್ಲ ನಾನು.” ಫೋನು ಕಟ್ಟಾಯಿತು.

ಪಲ್ಲವಿ ಮೇಲಿನ ಬೀದಿಯ ನಟ್ಟನಡುವೆ ನಡೆದು ಬಂದಳು. ಹೆಗಲಲ್ಲಿ ಗಾರ್ಮೆಂಟ್ಸಿನ ಬ್ಯಾಗು, ಕೈಯಲ್ಲಿ ಐಸ್ ಡಬ್ಬಿ. ಅಂಗಳದ ಗದ್ದಲ ತಾನಾಗಿ ತಗ್ಗಿತು. ಪಟೇಲರ ಮನೆಯವಳು ಮುಖ ತಿರುಗಿಸಿದಳು. ಪಲ್ಲವಿ ಅವಳ ಎದುರಿಗೇ ನಿಂತಳು.

“ನಿಮ್ಮನೇಲೂ ಕೂಸದಲ್ವಾ? ಆ ನಕ್ಷೇಲಿ ನಿಮ್ಮನೇನೂ ಕೆಂಪೇ ಅಂತೆ. ಜ್ವರ ಬಂದಾಗ ಎಲ್ಗೋಯ್ತೀರಿ? ನಮ್ ಕೇರಿಗೇ ಬರ್ಬೇಕು. ಅಷ್ಟೊತ್ಗೆ ಬೇಲಿ ಒಳಗೆ ನಮ್ಮನ್ನ ಕೋಳಿ ಕೂಡ್ದಂಗೆ ಕೂಡಿರ್ತಾರೆ, ನೀವು ಕಾವಲುಗಾರನ್ನ ಕೇಳ್ಬೇಕು. ಆ ಟ್ಯೂಬ್ಗೆ ಎಳ್ಳುನೀರು ಬುಟ್ಟು ಬನ್ನಿ, ಆಗ ಕೂತ್ಕಂಡು ಮಾತಾಡನ. ಬುಡ್ದಿದ್ರೆ ನಮ್ಮಿಂದ ಏನೂ ಸಿಕ್ಕಾಕಿಲ್ಲ.”

ಒಬ್ಬಳು ತನ್ನ ಸೊಂಟದ ಮೇಲಿದ್ದ ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಪುಟ್ಟರಾಜು ಮಾತ್ರ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದ.

“ಅಲ್ಲೇ ಜಗ್ಲಿ ಮ್ಯಾಲೆ ಮಡಗು. ನಾವು ತಕತೀವಿ.”

“ಮಡಗಾಕಿಲ್ಲ. ಮಗೀನ ಕೈಗೇ ಕೊಡೋದು.”

“ಮಾವ, ಸರೀರಿ ಅತ್ಲಾಗೆ,” ಎಂದಳು ಸಿಂಚನಾ. “ಅವಳು ಒಳಗೆ ಬರ್ತಾಳೆ. ಇಲ್ಲಾಂದ್ರೆ ನಾನೂ ಋತ್ವಿನೂ ಹೊರಗೆ ಹೋಗ್ತೀವಿ.” ಇಷ್ಟು ದಿನ ಬಸ್ ಸ್ಟಾಪಿನಲ್ಲಿ ಸತ್ತಿದ್ದ ಮಾತು ಈಗ ಊರೆಲ್ಲ ಕೇಳುವಂತೆ ಹೊರಬಂತು. ಪುಟ್ಟರಾಜು ಆದರೂ ಕೈ ಇಳಿಸಲಿಲ್ಲ.

ಪಲ್ಲವಿ ಮೆಟ್ಟಿಲು ಹತ್ತಿ ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು.

“ದಾರಿ ಬುಡು ಯಜಮಾನ. ನಿನ್ ಮೊಮ್ಮಗಳ ಹೊಟ್ಟೆ ಒಳಗೇ ಸೇರ್ಕಂಡಿವ್ನಿ ನಾನು. ಹೊಸ್ಲು ದಾಟಾಕೆ ನಿನ್ನ ಕೇಳ್ಬೇಕಾ?”

ಪುಟ್ಟರಾಜು ಅಂಗಳದ ಜನರ ಕಡೆ ನೋಡಿದ. ಅವರು ಯಾರೂ ಅವನ ಕಡೆ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಆ ಐಸ್ ಡಬ್ಬಿಯ ಮೇಲಿತ್ತು. ಅವನ ಕೈಗಳು ತಾವಾಗಿ ಕೆಳಗಿಳಿದವು. ಪಲ್ಲವಿ ಚಪ್ಪಲಿ ಬಿಟ್ಟು ಒಳಗೆ ಹೋದಳು.